ಗೋಡೆ ಹಾರೋಕೆ ಬೇಕಾದ್ದು ಎದೆಯಲ್ಲ ಗುರೂ, ಬೆರಳು!

ಪರದೆ ಮೇಲೆ ನಮ್ಮ ಹೀರೋ ಹತ್ತಡಿ ಕಾಂಪೌಂಡ್ ಗೋಡೆಯನ್ನು ಹೇಗೆ ದಾಟುತ್ತಾನೆ, ಗಮನಿಸಿದ್ದೀರಾ? ಓಡಿ ಬರ್ತಾನೆ... ಕಟ್! ಕಾಲು ನೆಲ ಬಿಡುತ್ತೆ... ಕಟ್! ಆಕಾಶದ ಹಿನ್ನೆಲೆಯಲ್ಲಿ ಅಯ್ಯಾ ತೇಲ್ತಾ ಇರ್ತಾನೆ... ಕಟ್! ಆಚೆ ಕಡೆ ಧೊಪ್ಪಂತ ಇಳಿದು, ಕ್ರಾಪು ಸರಿಮಾಡಿಕೊಂಡು, ಖಳನಾಯಕನ ಕಡೆ ಒಂದು ನೋಟ. ಮುಂದಿನ ಸಾಲಿನಿಂದ ಶಿಳ್ಳೆಯೋ ಶಿಳ್ಳೆ! ಇದರ ಹಿಂದೆ ಏನಿದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ನಾಲ್ಕು ಶಾಟು, ಒಂದು ಹಗ್ಗ, ಒಬ್ಬ ಡೂಪು, ಗೋಡೆಯಾಚೆ ರಟ್ಟಿನ ಡಬ್ಬಗಳ ಮೇಲೆ ಹಾಸಿದ ಹಾಸಿಗೆ. ಈಗಂತೂ ಹಗ್ಗವನ್ನು ಕಂಪ್ಯೂಟರಿನಲ್ಲೇ ಅಳಿಸಿಬಿಡ್ತಾರೆ, ಬಿಡಿ.

ಈಗ ಅದೇ ಗೋಡೆ. ಆದರೆ ಕಟ್ ಹೇಳೋಕೆ ಡೈರೆಕ್ಟರ್ ಇಲ್ಲ. ಡೂಪ್ ಇಲ್ಲ. ಮೂರು ಕಿಲೋಮೀಟರ್ ಓಡಿ ಬಂದಿದ್ದೀರಿ, ಎದೆ ಕಮ್ಮಾರನ ತಿದಿಯಂತೆ ಹೊಡ್ಕೋತಾ ಇದೆ. ಕೈಗೆಲ್ಲ ಕೆಸರು, ಗೋಡೆಯ ಮೇಲೂ ಕೆಸರು. ಇದನ್ನು ದಾಟಿದರೆ ಮುಂದೆ ಹಗ್ಗ, ಹಗ್ಗ ಆದಮೇಲೆ ಮುಳ್ಳುತಂತಿ, ಅದಾದ ಮೇಲೆ ಹೆಗಲ ಮೇಲೆ ಮರಳಿನ ಮೂಟೆ... ಹೇಗಿದೆ ಕ್ಲೈಮ್ಯಾಕ್ಸು?

ಇದೇ ಸ್ವಾಮಿ, ಅಬ್‌ಸ್ಟಕಲ್ ಕೋರ್ಸ್ ರೇಸಿಂಗ್. ಕನ್ನಡದಲ್ಲಿ ಅಡೆತಡೆ ಓಟ ಅನ್ನೋಣ. "ಸಾರ್, ಮೊಬೈಲಿನಲ್ಲಿ ಕೆಸರು ಬಳಕೊಂಡು ಓಡೋರ ವಿಡಿಯೋ ನೋಡಿದ್ವಿ, ನಾವೂ ಓಡಬಹುದಾ, ಎಷ್ಟು ತಿಂಗಳು ಜಿಮ್ ಮಾಡಬೇಕು?" ಅಂತ ಈ ಅಂಕಣಕ್ಕೆ ಕೇಳುವವರು ಜಾಸ್ತಿಯಾಗಿದ್ದಾರೆ. ಓಡಬಹುದು. ಜಿಮ್ ಸಂಗತಿ ಆಮೇಲೆ ಹೇಳ್ತೀನಿ. ಮೊದಲು ಇದರ ಹುಟ್ಟಿನ ಕತೆ ಕೇಳಿ. ಯಾವ ಸಿನಿಮಾಗೂ ಕಮ್ಮಿ ಇಲ್ಲ.

ಇಂಗ್ಲೆಂಡಿನಲ್ಲಿ ವುಲ್ವರ್‌ಹ್ಯಾಂಪ್ಟನ್ ಅಂತ ಒಂದು ಊರು. ಅದರ ಪಕ್ಕದ ಪರ್ಟನ್‌ನಲ್ಲಿ ಬಿಲ್ಲಿ ವಿಲ್ಸನ್ ಎಂಬ ಮಾಜಿ ಸೈನಿಕನ ತೋಟ. ಗ್ರೆನೇಡಿಯರ್ ಗಾರ್ಡ್ಸ್ ಪಡೆಯಲ್ಲಿದ್ದ ಮನುಷ್ಯ. ಮೀಸೆ ನೋಡಿದರೆ ವಜ್ರಮುನಿಯವರ ಖಳಪಾತ್ರಗಳೇ ನೆನಪಾಗಬೇಕು, ಆದರೆ ತನ್ನನ್ನು ಕರೆದುಕೊಳ್ತಿದ್ದದ್ದು ಮಿಸ್ಟರ್ ಮೌಸ್, ಇಲಿರಾಯ! 1987ರಲ್ಲಿ ಈತ ಆ ತೋಟದಲ್ಲೇ 'ಟಫ್ ಗೈ' ಅನ್ನೋ ಓಟ ಶುರುಮಾಡಿದ. ನಡೆಯುತ್ತಿದ್ದದ್ದು ಜನವರಿಯಲ್ಲಿ. ಅಲ್ಲಿಯ ಜನವರಿ ಅಂದರೆ ಕೆರೆ ನೀರು ಹೆಪ್ಪುಗಟ್ಟೋ ಕಾಲ. ಆ ನೀರಿಗೇ ಇಳಿಬೇಕು, ಬೆಂಕಿ ಹಾರಬೇಕು, ಕತ್ತಲೆ ಸುರಂಗದಲ್ಲಿ ತೆವಳಬೇಕು, ಕರೆಂಟ್ ತಂತಿಗಳ ಕೆಳಗೆ ನುಸುಳಬೇಕು. ಶುರುವಿಗೆ ಮುಂಚೆ ಒಂದು ಕಾಗದಕ್ಕೆ ರುಜು. ಅದಕ್ಕೆ ಇಲಿರಾಯ ಇಟ್ಟ ಹೆಸರು ಡೆತ್ ವಾರಂಟ್! "ಸತ್ತರೆ ನಿನ್ನ ಜವಾಬ್ದಾರಿ ಅಲ್ಲಪ್ಪ, ನಂದೇ" ಅಂತ ಬರಕೊಟ್ಟು ಜನ ಸಾವಿರಗಟ್ಟಲೆ ಬರ್ತಿದ್ರು. ಆ ತೋಟದಲ್ಲಿ ಮುದಿ ಕುದುರೆಗಳನ್ನು ಸಾಕುವ ಧರ್ಮಶಾಲೆಯೂ ಇತ್ತು, ಓಟದ ದುಡ್ಡಿನಲ್ಲಿ ಪಾಲು ಕುದುರೆಗಳ ಹೊಟ್ಟೆಗೂ ಹೋಗುತ್ತಿತ್ತು.

ಇನ್ನು ಇಂಟರ್ವಲ್ ಟ್ವಿಸ್ಟು. ಅಮೆರಿಕದ ಹಾರ್ವರ್ಡಿನಲ್ಲಿ ಬಿಸಿನೆಸ್ ಓದ್ತಿದ್ದ ವಿಲ್ ಡೀನ್ ಎಂಬ ಇಂಗ್ಲಿಷ್ ಹುಡುಗ ಇಲಿರಾಯನ ತೋಟಕ್ಕೆ ಬಂದ. ಎಲ್ಲ ನೋಡಿಕೊಂಡ, ಬರಕೊಂಡ, ಹೋದ. 2010ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದಲ್ಲಿ ಗೆಳೆಯ ಗೈ ಲಿವಿಂಗ್‌ಸ್ಟನ್ ಜೊತೆ ಸೇರಿ 'ಟಫ್ ಮಡ್ಡರ್' ಅಂತ ತನ್ನದೇ ಓಟ ನಡೆಸಿದ! ಹದಿನಾರು, ಹದಿನೆಂಟು ಕಿಲೋಮೀಟರ್ ದೂರ, ಮಂಜುಗಡ್ಡೆ ತುಂಬಿದ ತೊಟ್ಟಿ, ಜೋತುಬಿದ್ದ ಕರೆಂಟ್ ವೈರು, ಎಲ್ಲಾ ಇತ್ತು. ಇಲಿರಾಯನ ಮೀಸೆ ನಿಮಿರಿತು, "ನನ್ನ ಕತೆ ಕದ್ದ" ಅಂತ ಜಗಳ ಕೋರ್ಟಿನ ತನಕ ಹೋಯಿತು. ಕೊನೆಗೆ ಏಳೂಕಾಲು ಲಕ್ಷ ಡಾಲರಿಗೆ ರಾಜಿ. ಗಾಂಧಿನಗರದಲ್ಲಿ ಕತೆ ಕಳಕೊಂಡ ನಮ್ಮ ಬರಹಗಾರರು ಇದನ್ನೋದಿ ನಿಟ್ಟುಸಿರು ಬಿಡಬಹುದು. ಅದಿರಲಿ.

ಅದೇ 2010ರಲ್ಲಿ ವರ್ಮಾಂಟ್‌ನಲ್ಲಿ ಜೋ ಡಿಸೆನಾ ಎಂಬಾತ 'ಸ್ಪಾರ್ಟನ್ ರೇಸ್' ತೆಗೆದ. ಟಫ್ ಮಡ್ಡರ್‌ನಲ್ಲಿ ಗಡಿಯಾರ ನೋಡೋ ಹಾಗಿಲ್ಲ, ಬಿದ್ದವನನ್ನು ಎತ್ತೋದೇ ಧರ್ಮ. ಸ್ಪಾರ್ಟನ್‌ನಲ್ಲಿ ಗಡಿಯಾರವೇ ದೇವರು, ಒಂದು ಅಡೆತಡೆ ತಪ್ಪಿದರೆ 30 ಬರ್ಪಿ ಹೊಡೀಬೇಕು, ಇದು ಅವರ ಹಳೇ ನಿಯಮ. ಬರ್ಪಿ ಅಂದ್ರೆ ಗಾಬರಿ ಬೇಡ. ಕೂರು, ಕಾಲು ಹಿಂದಕ್ಕೆ ಚಾಚಿ ಒಂದು ದಂಡ ಹೊಡಿ, ಎದ್ದು ಹಾರು. ನಮ್ಮ ಗರಡಿಮನೆಯ ದಂಡಕ್ಕೂ ಬಸ್ಕಿಗೂ ಮದುವೆ ಮಾಡಿದರೆ ಹುಟ್ಟೋ ಕೂಸು! ಸ್ಪಾರ್ಟನ್‌ನಲ್ಲಿ ಮೂರು ಮಟ್ಟ: ಐದು ಕಿಲೋಮೀಟರಿಗೆ 20 ಅಡೆತಡೆ, ಹತ್ತಕ್ಕೆ 25, ಇಪ್ಪತ್ತೊಂದಕ್ಕೆ 30. ಕೊನೆಗೆ 2020ರಲ್ಲಿ ಸ್ಪಾರ್ಟನ್‌ನವರೇ ಟಫ್ ಮಡ್ಡರನ್ನು ಕೊಂಡುಕೊಂಡರು. ವಿಲನ್ನೇ ಹೀರೋನ ಬ್ಯಾನರ್ ಕೊಂಡ ಹಾಗೆ.

ಇದೆಲ್ಲ ಹೊಸದಾಗಿ ಹುಟ್ಟಿದ್ದಲ್ಲ. ಇದರ ಅಜ್ಜ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಜಾರ್ಜ್ ಎಬೇರ್. 1902ರಲ್ಲಿ ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಬೆಟ್ಟ ಬೆಂಕಿ ಕಾರಿದಾಗ ಜನರನ್ನು ಪಾರುಮಾಡೋ ಕೆಲಸದಲ್ಲಿದ್ದವನು. ಆಪತ್ತಿನ ಹೊತ್ತಿಗೆ ಮನುಷ್ಯನಿಗೆ ಬೇಕಾದ್ದು ಓಡೋದು, ಹತ್ತೋದು, ಹೊರೋದು, ಈಜೋದು ಅಂತ ಪಾಠ ಕಟ್ಟಿದ. ಅದೇ ಫ್ರೆಂಚ್ ಸೈನ್ಯದ ಅಡೆತಡೆ ಮೈದಾನವಾಯಿತು. ಆ ಪದ್ಧತಿಯಲ್ಲಿ ಬೆಳೆದ ಪ್ಯಾರಿಸ್ಸಿನ ಅಗ್ನಿಶಾಮಕ ರೇಮಂಡ್ ಬೆಲ್. ಅವನ ಮಗ ಡೇವಿಡ್ ಬೆಲ್. ಈಗ ನಿಮ್ಮ ಕಿವಿ ನಿಮಿರಿರಬೇಕು! 2004ರ 'ಡಿಸ್ಟ್ರಿಕ್ಟ್ ಬಿ13' ಚಿತ್ರದಲ್ಲಿ ಮಹಡಿಯಿಂದ ಮಹಡಿಗೆ ಹಾರಿದ ಆಸಾಮಿ ಇವನೇ. ಇವನ ಗೆಳೆಯ ಸೆಬಾಸ್ಟಿಯನ್ ಫೂಕಾನ್ 2006ರ 'ಕ್ಯಾಸಿನೋ ರಾಯಲ್' ಶುರುವಿನಲ್ಲೇ ಬಾಂಡ್‌ಗೆ ಬೆವರು ಇಳಿಸ್ತಾನಲ್ಲ, ನೆನಪಿದೆಯಾ? ಫೂಕಾನ್ ಬಾಗಿಲ ಮೇಲಿನ ಕಿಂಡಿಯಲ್ಲಿ ಮೀನಿನ ಹಾಗೆ ತೂರಿಹೋಗ್ತಾನೆ; ಹಿಂದೆ ಬಂದ ಬಾಂಡ್ ಸೀದಾ ಗೋಡೆಯನ್ನೇ ಒಡಕೊಂಡು ಹೋಗ್ತಾನೆ! ಥಿಯೇಟರಿನಲ್ಲಿ ಚಪ್ಪಾಳೆ ಬಿದ್ದದ್ದು ಬಾಂಡ್‌ಗೆ. ಆದರೆ ಅಡೆತಡೆ ಓಟದಲ್ಲಿ ಗೆಲ್ಲೋದು ಫೂಕಾನ್ ಮೈ. ಹಗುರ, ಉಸಿರು ಉಳಿಸಿಕೊಂಡ ಮೈ, ಬೆರಳಿನಲ್ಲಿ ಬಲ ಇರೋ ಮೈ.

ಈ ಆಟ ಈಗ ಒಲಿಂಪಿಕ್ಸ್ ಬಾಗಿಲನ್ನೂ ತಟ್ಟಿದೆ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಮುಂದಿದ್ದ ಜರ್ಮನಿ ಹುಡುಗಿಗೆ ಚೀಟಿಯಲ್ಲಿ ಬಂದ ಕುದುರೆ ಹಾರಲ್ಲ ಅಂತ ಹಟ ಹಿಡಿಯಿತು. ಕೋಚಮ್ಮ ಕುದುರೆಗೆ ಗುದ್ದಿದಳು, ಜಗತ್ತೆಲ್ಲ ಛೀ ಥೂ ಅಂತು. ಕೊನೆಗೆ ಕುದುರೆ ಸವಾರಿಯನ್ನೇ ಕಿತ್ತುಹಾಕಿ ಆ ಜಾಗಕ್ಕೆ ಅಡೆತಡೆ ಓಟ ತಂದರು. 2024ರ ಪ್ಯಾರಿಸ್ ಕುದುರೆಗೆ ಕೊನೆ, 2028ರ ಲಾಸ್ ಏಂಜಲೀಸ್‌ನಲ್ಲಿ ಅಡೆತಡೆಯ ಸರದಿ.

* * *

ನಮ್ಮಲ್ಲಿ? 'ಡೆವಿಲ್ಸ್ ಸರ್ಕ್ಯೂಟ್' ಅನ್ನೋ ಓಟ ಬೆಂಗಳೂರೂ ಸೇರಿ ದೇಶದ ಹಲವು ನಗರಗಳಲ್ಲಿ ನಡೆದಿದೆ. ಐದು ಕಿಲೋಮೀಟರ್, ಹದಿನೈದು ಅಡೆತಡೆ. ಇಂಥ ಓಟಗಳ ಪ್ರವೇಶ ಶುಲ್ಕ ಮಾತ್ರ ಫಸ್ಟ್ ಡೇ ಫಸ್ಟ್ ಶೋ ಬ್ಲ್ಯಾಕ್ ಟಿಕೆಟ್ಟನ್ನೂ ನಾಚಿಸುತ್ತೆ. ದುಡ್ಡು ಕೊಟ್ಟು ಕೆಸರಲ್ಲಿ ಬೀಳೋದಾ ಅಂತ ನಮ್ಮ ಹಳ್ಳಿ ಕಡೆಯವರು ನಕ್ಕರೆ ತಪ್ಪಿಲ್ಲ. ಕೊಡಗಿನಲ್ಲಿ, ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ಪುಕ್ಕಟೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತೋದು, ಚೀಲ ಎತ್ತೋದು. ಗರಡಿಯಲ್ಲಿ ಸಾಮು, ಮಲ್ಲಕಂಬ. ಎಣ್ಣೆ ಬಳಿದ ಜಾರುಕಂಬ ಹತ್ತಿದವನಿಗೆ ಸ್ಪಾರ್ಟನ್ ಹಗ್ಗ ಯಾವ ಲೆಕ್ಕ? ರಾಟೆ ಬಾವಿಯಿಂದ ದಿನಾ ಇಪ್ಪತ್ತು ಕೊಡ ನೀರು ಸೇದಿದವರು ಇನ್ನೂ ಇದ್ದಾರೆ. ಸ್ಪಾರ್ಟನ್‌ನಲ್ಲಿ ಹಗ್ಗ ಹಿಡಿದು ರಾಟೆ ಮೇಲೆ ಮೂಟೆ ಎಳೆಯೋದೇ ಒಂದು ಅಡೆತಡೆ. ಅದಕ್ಕೆ ಹರ್ಕ್ಯುಲಿಸ್ ಹಾಯ್‌ಸ್ಟ್ ಅಂತ ದೊಡ್ಡ ಹೆಸರು. ನಮ್ಮಮ್ಮನಿಗೆ ಹೇಳಿದರೆ ಬಿದ್ದು ಬಿದ್ದು ನಗ್ತಾಳೆ.

ಆದರೆ ಗೆಳೆಯಾ, ಟಿಕೆಟ್ ಕೊಳ್ಳದಿದ್ದರೂ ಈ ತಯಾರಿ ನಿನಗೆ ಯಾಕೆ ಬೇಕು ಅಂತ ಒಂದು ಮಾತು. ಈ ಪತ್ರಿಕೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಓದುವವರಲ್ಲಿ ಎಷ್ಟು ಜನ ಸೈನ್ಯದ, ಪೊಲೀಸಿನ ಭರ್ತಿಗೆ ಕಾಯ್ತಾ ಇದ್ದೀರಿ ಅನ್ನೋದು ನನಗೆ ಗೊತ್ತು. ಸೈನ್ಯದ ದೈಹಿಕ ಪರೀಕ್ಷೆ ಅಂದರೇನು? 1.6 ಕಿಲೋಮೀಟರ್ ಓಟ, ಕಂಬಿ ಎಳೆತ, ಒಂಬತ್ತಡಿ ಹಳ್ಳ ಹಾರೋದು, ಅಂಕುಡೊಂಕು ಹಲಗೆ ಮೇಲೆ ಬೀಳದೆ ನಡೆಯೋದು. ಜನರಲ್ ಡ್ಯೂಟಿ ಭರ್ತಿಯಲ್ಲಿ ಕಂಬಿ ಹತ್ತು ಸಲ ಎಳೆದರೆ ಪೂರ್ತಿ 40 ಅಂಕ. ಆರನ್ನೂ ಮುಟ್ಟದಿದ್ದರೆ ಊರ ದಾರಿ. ಇದು ಅಡೆತಡೆ ಓಟವಲ್ಲದೆ ಮತ್ತೇನು? ಓದಿನಲ್ಲಿ ನನ್ನ ಹಾಗೆ ಪಿಯುಸಿ ಅರ್ಧಕ್ಕೇ ನಿಂತವರಿಗೆ ಬರೀ ಪೆನ್ನು ಹಿಡಿಯೋದು ಬಿಟ್ಟು ಬೇರೆ ಬಾಗಿಲೂ ಇವೆ. ಹತ್ತನೇ ಕ್ಲಾಸ್ ಪಾಸಾದವನನ್ನು ಸೋಲಿಸೋದು ಎಷ್ಟೋ ಸಲ ಪ್ರಶ್ನೆಪತ್ರಿಕೆಯಲ್ಲ, ಆ ಕಂಬಿ.

ಸರಿ, ಜಿಮ್ ಸಂಗತಿಗೆ ಬರೋಣ. ಹುಡುಗರು ಜಿಮ್ ಸೇರಿದ ಮೊದಲ ದಿನವೇ ಎದೆ ಮತ್ತು ತೋಳಿನ ಹಿಂದೆ ಬೀಳ್ತಾರೆ. ಕನ್ನಡಿ ಮುಂದೆ ಕಾಣೋದು ಅದೇ ನೋಡಿ! ಆದರೆ ಗೋಡೆ ಮುಂದೆ ನಿಂತಾಗ ಎದೆಯ ಮಾಂಸ ಬರೀ ಭಾರ. ನೇತಾಡುವಾಗ ಮೊದಲು ಸೋಲೋದು ತೋಳಲ್ಲ, ಮುಂಗೈ. ಬೆರಳು ಬಿಚ್ಚಿತು ಅಂದರೆ ನಿಮ್ಮ ಹದಿನೇಳಿಂಚಿನ ತೋಳು ನಿಮ್ಮ ಜೊತೆಗೇ ಕೆಸರಿಗೆ. ಚುಚ್ಚುಮದ್ದು ಹಾಕಿಸಿಕೊಂಡು ಮೂರು ತಿಂಗಳಲ್ಲಿ ಸಿಕ್ಸ್ ಪ್ಯಾಕ್ ಮಾಡ್ತೀನಿ ಅನ್ನೋರ ಸಹವಾಸವಂತೂ ಬೇಡವೇ ಬೇಡ. ಅಣ್ಣಾವ್ರು 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಯೋಗಾಸನ ಹಾಕಿದಾಗ ಅವರ ವಯಸ್ಸು ಐವತ್ತು ದಾಟಿತ್ತು. ಆ ಮೈಯಲ್ಲಿ ಉಬ್ಬು ಎಲ್ಲಿತ್ತು? ಬಿಲ್ಲಿನಂಥ ಮೈ ಅದು, ಬಗ್ಗುತ್ತಿತ್ತು, ನಿಲ್ಲುತ್ತಿತ್ತು.

ಹಾಗಾದರೆ ಎಲ್ಲಿಂದ ಶುರು? ಒಂದು ಮರದ ಕೊಂಬೆಯಿಂದ! ಕೊಂಬೆಯೋ, ಶಾಲೆ ಮೈದಾನದ ಕಂಬಿಯೋ, ಗಟ್ಟಿಯಾಗಿರಬೇಕು. ಎರಡೂ ಕೈಲಿ ಹಿಡಿದು ಸುಮ್ಮನೆ ನೇತಾಡಿ. ಏನೂ ಮಾಡಬೇಡಿ, ನೇತಾಡಿ ಅಷ್ಟೆ. ಮೊದಲ ದಿನ ಹತ್ತು ಸೆಕೆಂಡಿಗೇ ಅಂಗೈ ಉರಿಯುತ್ತೆ. ದಿನ ಬಿಟ್ಟು ದಿನ, ಮೂರು ನಾಲ್ಕು ಸಲ. ಒಂದು ನಿಮಿಷ ನಿಲ್ಲಬಲ್ಲೆ ಅನ್ನೋ ದಿನ ಬಂದಾಗ ಅರ್ಧ ಅಡೆತಡೆಗಳು ನಿಮ್ಮ ಕೈಗೆ ಬಂದವು ಅಂತಲೇ ಲೆಕ್ಕ. ಆಮೇಲೆ ಒಂದು ಟವೆಲ್ಲನ್ನು ಕೊಂಬೆ ಮೇಲೆ ಹಾಕಿ ಅದರ ಎರಡು ತುದಿ ಹಿಡಿದು ನೇತಾಡಿ. ಹಗ್ಗ ಹತ್ತೋ ಮುಂಗೈ ತಯಾರಾಗೋದು ಅಲ್ಲಿ.

ಒಂದೂ ಕಂಬಿ ಎಳೆಯೋಕೆ ಬರಲ್ಲ ಅನ್ನೋರಿಗೆ ಹಳೇ ಉಪಾಯ ಇದೆ. ಮೇಲಕ್ಕೆ ಹೋಗಬೇಡಿ, ಕೆಳಕ್ಕೆ ಬನ್ನಿ! ಕಲ್ಲಿನ ಮೇಲೆ ನಿಂತು ಹಾರಿ ಗದ್ದವನ್ನು ಕಂಬಿ ಮೇಲೆ ತನ್ನಿ, ಆಮೇಲೆ ಐದರ ತನಕ ಎಣಿಸುತ್ತಾ ನಿಧಾನಕ್ಕೆ ಇಳೀರಿ. ಒಂದು ಸರದಿಗೆ ಮೂರರಿಂದ ಐದು, ಮೂರು ಸರದಿ ಸಾಕು. ಇಳಿಯೋ ಬಲವೇ ಕೆಲವು ವಾರದಲ್ಲಿ ಏರೋ ಬಲ ಆಗುತ್ತೆ. ಆದರೆ ಹುಮ್ಮಸ್ಸಿನಲ್ಲಿ ಮೊದಲ ದಿನವೇ ಗೆಳೆಯರ ಜೊತೆ ಪಂದ್ಯ ಕಟ್ಟಿ ನೂರು ಇನ್ನೂರು ಅಂತ ಹೋಗಬೇಡಿ. ಪಳಗದ ಮಾಂಸಖಂಡ ಒಡೆದು ಅದರ ಕಸ ರಕ್ತಕ್ಕಿಳಿದರೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತೆ. ಅದು ಕಿಡ್ನಿಗೆ ಬಿದ್ದ ಏಟು; ಆ ಬಣ್ಣ ಕಂಡರೆ ಎಳನೀರು ಕುಡಿದು ಮಲಗೋದಲ್ಲ, ಸೀದಾ ಆಸ್ಪತ್ರೆಗೆ ಹೋಗಬೇಕು.

ಇನ್ನು ಓಟ. ವಾರಕ್ಕೆ ಮೂರು ದಿನ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಇಪ್ಪತ್ತು ನಿಮಿಷ ಹೀಗೇ. ಜೊತೆಗೆ ಬಂದವನ ಹತ್ತಿರ ಸಿನಿಮಾ ಮಾತಾಡ್ತಾ ಓಡೋಕೆ ಆಗಬೇಕು, ಅಷ್ಟು ನಿಧಾನ. ವಾರವಾರ ಓಟ ಹೆಚ್ಚಿಸಿ, ನಡಿಗೆ ಕಮ್ಮಿ ಮಾಡಿ. ಆರನೇ ವಾರದ ಹೊತ್ತಿಗೆ ಮೂರು ಕಿಲೋಮೀಟರ್ ನಿಲ್ಲದೆ ಬಂದರೆ ಭೇಷ್. ಆಮೇಲೆ ಮಸಾಲೆ ಸೇರಿಸಿ: ಅರ್ಧ ಕಿಲೋಮೀಟರ್ ಓಡಿ, ನಿಂತು ಹತ್ತು ಬರ್ಪಿ, ಮತ್ತೆ ಓಟ. ಇನ್ನೊಂದು ಅರ್ಧ, ಇಪ್ಪತ್ತು ಬಸ್ಕಿ, ಮತ್ತೆ ಓಟ. ಬರೀ ಓಟಗಾರ ಇಲ್ಲಿ ಸೋಲೋದು ಇದಕ್ಕೇ. ಎದೆ ಹೊಡ್ಕೋತಿರುವಾಗ ಕೈಯಿಂದ ಕೆಲಸ ಮಾಡಿ ಮತ್ತೆ ಕಾಲಿಗೆ ಬರೋದು ಅಭ್ಯಾಸ ಇಲ್ಲದೆ ಬರಲ್ಲ. ವಾರಕ್ಕೊಂದು ದಿನ ಹದಿನೈದಿಪ್ಪತ್ತು ಕಿಲೋ ಮರಳಿನ ಚೀಲ ಹೆಗಲ ಮೇಲಿಟ್ಟು ನಡೀರಿ. ಹೆಜ್ಜೆ ಚಿಕ್ಕದಿರಲಿ, ಚೀಲ ಕತ್ತಿನ ಹಿಂದೆ ಎರಡೂ ಹೆಗಲಿಗೆ ಸಮನಾಗಿ ಕೂರಲಿ. ಇಷ್ಟಕ್ಕೆ ಹನ್ನೆರಡು ವಾರ ಕೊಡಿ. ಅಂದರೆ ನಿಮ್ಮ ನೆಚ್ಚಿನ ನಟನ ಚಿತ್ರ ನೂರು ದಿನ ಓಡೋಕೂ ಮುಂಚೆ ನೀವು ಐದು ಕಿಲೋಮೀಟರ್ ಓಡ್ತೀರಿ! (ಈಗ ನೂರು ದಿನ ಓಡೋ ಚಿತ್ರ ಎಲ್ಲಿದೆ ಅಂತ ಕೇಳಬೇಡಿ.)

* * *

ಇನ್ನು ಕೈಚಳಕ. ಬಲಕ್ಕಿಂತ ಇದೇ ಮುಖ್ಯ.

ಗೋಡೆ ಆರರಿಂದ ಎಂಟಡಿ ಇರುತ್ತೆ. ಓಡಿ ಬಂದು ಒಂದು ಕಾಲನ್ನು ಗೋಡೆಗೆ ಸೊಂಟದ ಎತ್ತರದಲ್ಲಿ ಒತ್ತಿ, ಆ ಒತ್ತಡವನ್ನು ಮೇಲಕ್ಕೆ ತಿರುಗಿಸಬೇಕು. ಗೋಡೆಗೆ ಡಿಕ್ಕಿ ಹೊಡೆಯೋದಲ್ಲ. ಕೈ ತುದಿಗೆ ಸಿಕ್ಕಿತಾ? ಎಳೀರಿ, ಮೊಣಕೈ ಮೇಲಕ್ಕೆ ಹಾಕಿ, ಒಂದು ಹಿಮ್ಮಡಿ ಕೊಕ್ಕೆ ಹಾಕಿ ಹೊರಳಿ. ಇಳಿಯುವಾಗ ಮಾತ್ರ ದಯವಿಟ್ಟು ಸಿನಿಮಾ ಥರ ಹಾರಬೇಡಿ. ಕೈಯಲ್ಲಿ ನೇತುಬಿದ್ದು ಆಮೇಲೆ ಬಿಡಿ, ಮೊಣಕಾಲು ಮಡಿಸಿ ನೆಲ ಮುಟ್ಟಿ. ಕಾಲಿನ ಗಂಟು ಮುರಿಯೋದು ಏರುವಾಗಲ್ಲ, ಮೇಲಿಂದ ಜಿಗಿಯುವಾಗ. ಜಾಕಿ ಚಾನ್‌ನಂಥ ಜಾಕಿ ಚಾನ್ 1986ರ 'ಆರ್ಮರ್ ಆಫ್ ಗಾಡ್' ಶೂಟಿಂಗಿನಲ್ಲಿ ಗೋಡೆಯಿಂದ ಮರದ ಕೊಂಬೆಗೆ ಹಾರಿ, ಕೆಳಗೆ ಬಿದ್ದು ತಲೆಬುರುಡೆ ಒಡಕೊಂಡ. ಆತನಿಗೆ ಬಾಲ್ಯದಿಂದ ಅಭ್ಯಾಸ ಇತ್ತು, ನಮಗೆ?

ಹಗ್ಗವನ್ನು ಬರೀ ಕೈಯಲ್ಲಿ ಏರೋನು ಅರ್ಧಕ್ಕೇ ಜಾರ್ತಾನೆ. ಹಗ್ಗ ಒಂದು ಪಾದದ ಹೊರಗಿಂದ ಬಂದು ಅಡಿಯಲ್ಲಿ ಸುತ್ತಬೇಕು, ಇನ್ನೊಂದು ಪಾದ ಅದನ್ನು ಮೇಲಿಂದ ತುಳಿದು ಬೀಗ ಹಾಕಬೇಕು. ಆಗ ಹಗ್ಗವೇ ಮೆಟ್ಟಿಲು, ಕೈಗೆ ವಿರಾಮ. ಉದ್ದ ಕಾಲುಚೀಲ ಹಾಕದಿದ್ದರೆ ಮೀನಖಂಡದ ಚರ್ಮ ಹಗ್ಗಕ್ಕೇ ಅಂಟಿಕೊಂಡಿರುತ್ತೆ! ಕಂಬಿಯಿಂದ ಕಂಬಿಗೆ ದಾಟುವಾಗ ಸೊಂಟದಿಂದ ತೂಗಿ. ಗಡಿಯಾರದ ಲೋಲಕದ ಹಾಗೆ. ಅದಕ್ಕೂ ಮುಂಚೆ ಅಂಗೈಯನ್ನು ಬನಿಯನ್ನಿನ ಒಳಮಗ್ಗುಲಲ್ಲಿ ಒರೆಸಿಕೊಳ್ಳಿ, ಒಣಗಿರೋದು ಅದೊಂದೇ ಜಾಗ. ಬಲೆ ಹತ್ತುವಾಗ ನಡುವೆ ಬೇಡ, ಕಂಬದ ಪಕ್ಕ ಹತ್ತಿ, ಅಲ್ಲಿ ತೂಗಾಟ ಕಮ್ಮಿ. ಮುಳ್ಳುತಂತಿ ಕೆಳಗೆ ಹೊರಳಿಕೊಂಡು ಹೋದರೆ ಬೇಗ, ಆದರೆ ಎದ್ದಾಗ ತಲೆ ಗಿರ್ರನ್ನುತ್ತೆ. ಹಲಗೆ ಮೇಲೆ ನಡೆಯುವಾಗ ಕಾಲು ನೋಡಬೇಡಿ, ಹಲಗೆಯ ಆ ತುದಿ ನೋಡಿ.

ಒಬ್ಬರೇ ಹೋಗಬೇಡಿ ಅಂತಲೂ ಹೇಳ್ತೀನಿ. ಸ್ಪರ್ಧೆಯ ವಿಭಾಗ ಬಿಟ್ಟರೆ ಉಳಿದವರು ಒಬ್ಬರಿಗೊಬ್ಬರು ಹೆಗಲು ಕೊಡಬಹುದು. ಅಭಿಮಾನಿ ಸಂಘದ ಹುಡುಗರೇ, ಇದು ನಿಮಗೇ ಹೇಳಿ ಮಾಡಿಸಿದ ಆಟ! ನಲವತ್ತಡಿ ಕಟೌಟಿಗೆ ಹಾರ ಹಾಕೋಕೆ ಬೊಂಬಿನ ಸಾರುವೆ ಮೇಲೆ ಓಡಾಡ್ತೀರಲ್ಲ, ಆ ಬೆರಳು, ಆ ಗುಂಡಿಗೆ ಇಲ್ಲಿ ತನ್ನಿ. 2024ರ ಜನವರಿಯಲ್ಲಿ ಗದಗ ಜಿಲ್ಲೆ ಸೂರಣಗಿಯಲ್ಲಿ ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಕರೆಂಟ್ ತಗುಲಿ ಮೂವರು ಹುಡುಗರು ಹೋದರು. ನಿಮ್ಮ ವಯಸ್ಸಿನವರೇ. ಮೈಯಲ್ಲಿ ಆ ಚುರುಕು ಇದ್ದ ಹುಡುಗರು.

* * *

ನೀರಿನ ಮಾತು ಬೇರೆಯಾಗೇ ಹೇಳಬೇಕು. ಇದನ್ನು ತಮಾಷೆಯಾಗಿ ಬರೆಯೋಕೆ ನನ್ನ ಕೈ ಬರಲ್ಲ.

2016ರ ನವೆಂಬರ್ 7. 'ಮಾಸ್ತಿಗುಡಿ' ಚಿತ್ರದ ಕ್ಲೈಮ್ಯಾಕ್ಸ್. ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲೆ ಹೆಲಿಕಾಪ್ಟರ್. ಮೂವರು ಹಾರಿದರು. ನಾಯಕ ದುನಿಯಾ ವಿಜಯ್ ದಡ ಸೇರಿದರು. ಅನಿಲ್, ಉದಯ್ ಸೇರಲಿಲ್ಲ. ಇಬ್ಬರದ್ದೂ ಕಟೆದ ಮೈ. ಎಷ್ಟು ವರ್ಷದ ಸಾಮು ಅದು! ನೀರು ಮೈಕಟ್ಟು ನೋಡಲ್ಲ. ಬಟ್ಟೆ, ಬೂಟು ನೆಂದು ಭಾರವಾದ ಮೇಲೆ, ಎತ್ತರದಿಂದ ಬಿದ್ದ ಏಟಿಗೆ ಉಸಿರು ತಪ್ಪಿದ ಮೇಲೆ, ಮಾಂಸಖಂಡ ಇನ್ನೂ ಬೇಗ ಕೆಳಗೆಳೆಯುತ್ತೆ.

ಅಡೆತಡೆ ಓಟದಲ್ಲೂ ಇದು ಆಗಿದೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ನಡೆದ ಟಫ್ ಮಡ್ಡರ್‌ನಲ್ಲಿ, ಎತ್ತರದ ಹಲಗೆಯಿಂದ ಕೆಸರು ನೀರಿಗೆ ಹಾರೋ ಅಡೆತಡೆಯಲ್ಲಿ 28 ವರ್ಷದ ಯುವಕನೊಬ್ಬ ಮುಳುಗಿ ಸತ್ತ. ಕೆಸರು ನೀರಲ್ಲಿ ಒಳಗಿರೋನು ಮೇಲಿನವರಿಗೆ ಕಾಣಲ್ಲ. ಹಿಂದೆ ಹಾರೋನು ಮುಂದೆ ಹಾರಿದವನ ತಲೆ ಮೇಲೆ ಬೀಳಬಹುದು. ಆದ್ದರಿಂದ ಈಜು ಬರದಿದ್ದರೆ ಆಳದ ನೀರಿಗೆ ಹಾರಬೇಡಿ, ಪಕ್ಕದಲ್ಲಿ ನಡೆದು ಮುಂದಕ್ಕೆ ಹೋಗಿ. ಅಡೆತಡೆ ಬಿಟ್ಟರೆ ಪದಕ ಹೋಗುತ್ತೆ, ಅಷ್ಟೇ ತಾನೆ? ಗೆಳೆಯರು ಹೆಂಗಸು ಅಂತ ಛೇಡಿಸಿದರೆ ಛೇಡಿಸಲಿ. (ಹೆಂಗಸರು ಈ ಓಟದಲ್ಲಿ ಎಷ್ಟೋ ಗಂಡಸರನ್ನು ಹಿಂದೆ ಹಾಕ್ತಾರೆ ಅನ್ನೋದು ಬೇರೆ ಮಾತು.) ನೀರಿನ ಬದಿಯಲ್ಲಿ ರಕ್ಷಕರು ನಿಂತಿದ್ದಾರಾ, ಒಬ್ಬ ಮೇಲೆ ಬಂದ ಮೇಲೇ ಇನ್ನೊಬ್ಬನನ್ನು ಬಿಡ್ತಾರಾ ಅಂತ ನೋಡಿ. ಇಲ್ಲ ಅಂದ್ರೆ ಆಯೋಜಕ ಎಷ್ಟೇ ದೊಡ್ಡ ಬ್ಯಾನರಿನವನಾಗಲಿ, ಆ ನೀರಿಗೆ ಇಳೀಬೇಡಿ. ಮೂರು ತಿಂಗಳ ತಯಾರಿಯಲ್ಲಿ ಈಜು ಬಲ್ಲವರ ಕೈಕೆಳಗೆ ಈಜು ಕಲಿತರೆ ಇನ್ನೂ ಒಳ್ಳೇದು. ಕಲ್ಲುಕ್ವಾರಿ ಹೊಂಡದಲ್ಲಿ ಮಾತ್ರ ಕಲೀಬೇಡಿ.

ಓಟದ ದಿನ ಜೀನ್ಸ್ ಹಾಕಿಕೊಂಡು ಬರೋ ಮಹಾನುಭಾವರಿಗೆ ಒಂದು ನಮಸ್ಕಾರ. ನೆಂದ ಜೀನ್ಸ್ ಅಂದ್ರೆ ಕಾಲಿಗೆ ಕಟ್ಟಿದ ಬಂಡೆ. ಹತ್ತಿ ಬನಿಯನ್ನೂ ನೀರು ಕುಡಿದು ಜೋತುಬೀಳುತ್ತೆ. ಆಟಗಾರರ ತೆಳು ಬಟ್ಟೆ, ಮೈಗೆ ಅಂಟಿದ ಹಾಗೆ. ಬೂಟು ಹಳೇದಾದರೂ ಅಡಿಯಲ್ಲಿ ಹಲ್ಲು ಇರಲಿ, ದಾರ ಎರಡು ಗಂಟು. ಉಂಗುರ, ಕೊರಳ ಸರ, ಕೈ ಕಡಗ ಎಲ್ಲ ಮನೇಲಿ. ಉಂಗುರ ಮೊಳೆಗೆ ಸಿಕ್ಕಿ ಬೆರಳೇ ಹೋಗಬಹುದು. ಉಗುರು ಕತ್ತರಿಸಿ. ಧನುರ್ವಾಯು ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಅಮ್ಮನ್ನ ಕೇಳಿ, ಹತ್ತು ವರ್ಷ ಆಗಿದ್ದರೆ ಇನ್ನೊಂದು ಹಾಕಿಸಿಕೊಳ್ಳಿ. ಓಡುವ ಮುಂಚೆ ಎರಡು ಮೂರು ಗಂಟೆ ಮೊದಲೇ ಇಡ್ಲಿಯೋ ಅವಲಕ್ಕಿಯೋ ಬಾಳೆಹಣ್ಣೋ ತಿಂದಿರಿ. ಮಸಾಲೆದೋಸೆ ಓಟ ಮುಗಿದ ಮೇಲೆ.

ಮುಗಿದ ಮೇಲೂ ಕೆಲಸ ಇದೆ. ಕೆಸರು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. 2012ರಲ್ಲಿ ಅಮೆರಿಕದ ನೆವಾಡದಲ್ಲಿ ದನ, ಹಂದಿಯ ಗಲೀಜು ಬೆರೆತ ಕೆಸರು ಬಾಯಿಗೆ ಹೋಗಿ ಓಟಗಾರರು ಭೇದಿ ಹತ್ತಿ ಮಲಗಿದ್ದು ದಾಖಲಾಗಿದೆ. ಗೀರುಗಳನ್ನು ಸೋಪು ಹಾಕಿ ಚೊಕ್ಕ ನೀರಲ್ಲಿ ತೊಳೀರಿ, ಅರಿಶಿನ ಮೆತ್ತಿ ಮುಚ್ಚಿಡೋದಲ್ಲ. ಒಂದೆರಡು ವಾರ ಕಳೆದು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿಕೊಂಡರೆ ಡಾಕ್ಟರ ಹತ್ತಿರ "ಕೆಸರಲ್ಲಿ ಓಡಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಇಲಿಜ್ವರ ಅಂದರೆ ಮಲೆನಾಡು, ಕರಾವಳಿಯವರಿಗೆ ಗೊತ್ತು. 2000ದಲ್ಲಿ ಬೋರ್ನಿಯೋದಲ್ಲಿ ನಡೆದ ಇಕೋ ಚಾಲೆಂಜ್ ಓಟ ಮುಗಿಸಿ ಊರಿಗೆ ಹೋದವರಲ್ಲಿ ಎಷ್ಟೋ ಜನಕ್ಕೆ ಇದೇ ಜ್ವರ ಬಂತು. ಬೇಗ ಹೇಳಿದರೆ ಸಾಮಾನ್ಯ ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ ಅದು.

ಬೂಟಿನೊಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಎರಡು ದಿನದಲ್ಲಿ ಸರಿಹೋಗುತ್ತೆ. ಪೇಪರ್ ಅಂದೆ, ನಮ್ಮ ಪತ್ರಿಕೆ ಅಲ್ಲ!